ಕುಗ್ಗುವ ಲೆಕ್ಕ

ಉದ್ಯಮಬಾಗದ ಹಿಂದಿನ ಓಣಿಯೊಳಗ
ನಮ್ಮಪ್ಪ ಮೋನಪ್ಪ ಬಡಿಗೇರ
ಕಬ್ಬಿಣಕ್ಕ ಮೊದಲು ಕಟ್ಟಿಗಿಯ ಮೈ ಕೊಡಾಂವ.
ಪಂಪಿನ ಹೊಟ್ಟಿ, ಗಿರಣಿ ಗಾಲಿ, ಗಾಣದ ಹಲ್ಲು
ಎಲ್ಲಾ ಸಾಗವಾನಿಯೊಳಗ ಹುಟ್ಟಿ,
ಉಸುಕಿನ್ಯಾಗ ಹೂತು,
ಕೆಂಪು ರಸ ಕುಡದು ಏಳತಿದ್ದವು.

ಅಲ್ಲಿಗೆ ಒಂದು ಮಧ್ಯಾಹ್ನ ಸೈಕಲ್ ಮ್ಯಾಲೆ ಬಂದ್ರು
ಕ್ಯಾಂಪಿನ ಯೋಸ್ಟ್ ಫಾದರ್.
ಬೆಲ್ಜಿಯಮ್ಮಿನವ್ರು. ಅವರ ತಂಗಿ ಬರೆದ ಪತ್ರಗಳು
ಬೆಳಗಾವಿ ತನಕ ಬಂದು, ಊರು ತಪ್ಪೇತಿ ಅಂತ ಶಿಕ್ಕಾ ಹೊಡಿಸಿಕೊಂಡು
ಹೊಳ್ಳಿ ಹೋಗಿ, ಹೊಳ್ಳಿ ಬರತಿದ್ದವು.
ಅಂಚೆಯವರಿಗೆ ಎರಡೂ ಹೆಸರು ಅವಳಿ ಮಕ್ಕಳು.
ಹಿಂಗಾಗಿ ಫಾದರಿಗೆ ಹಬ್ಬದ ಸುದ್ದಿ
ಹಬ್ಬ ಹಳಸಿದ ಮ್ಯಾಲೆ ಮುಟ್ಟೋದು.

ಚೀಟಿ ಮ್ಯಾಲೆ ಚಿತ್ರ ತಗದ್ರು:
ಎರಡು ತವಾ, ಮುಖಕ್ಕ ಮುಖ,
ಮೈತುಂಬ ಚೌಕಾಬಾರದ ಮನಿ.
"ಇದರಾಗ ಹಿಟ್ಟು ಹೊಯ್ದು ಮುಚ್ಚೋದು, ಮೋನಪ್ಪ.
ನಮ್ಮಜ್ಜಿ ಮಾಡತಿದ್ಲು. ವಾಫಲ್."
"ವಾ... ಏನ್ರಿ?"
"ಒಡ್ಡು ಹಾಕಿದ ಹೊಲ ಅಂದ್ಕೋ.
ಬೆಣ್ಣಿ ಹರದು ಹೋಗಬಾರದಲ್ಲ."

ಅಪ್ಪ ಕೇಳಿದ, "ಮನಿ ಎಷ್ಟು ಅಗಲ?"
ಫಾದರ್ ಬೆರಳು ಅಗಲಿಸಿದ್ರು.
"ನೋಡಿದಾಗ ನಿಮಗ ವಯಸ್ಸೆಷ್ಟು?"
"ಆರು."
ಅಪ್ಪ ಕಿವಿ ಮ್ಯಾಲಿನ ಪೆನ್ಸಿಲ್ ತಗದು ನಕ್ಕ:
"ಕಬ್ಬಿಣ ಆರಿದಾಗ ನೂರಕ್ಕ ಒಂದು ಕುಗ್ಗತೈತ್ರಿ,
ಅದಕ್ಕ ಅಚ್ಚು ಒಂದೀಟು ದೊಡ್ಡದ ಕೆತ್ತತೀವಿ.
ನೆನಪು ಹಂಗಲ್ಲ, ಆರಿದಷ್ಟೂ ಹಿಗ್ಗತೈತಿ.
ನಿಮ್ಮ ಬೆರಳಿಗಿಂತ ಎರಡು ನೂಲು ಕಮ್ಮಿ ಹಿಡಿತೀನಿ,
ಕೂಡಿ ಕಳದ್ರ ನಿಮ್ಮಜ್ಜಿದು ಬಂದೀತು."

ಇನ್ನೊಂದು ಮಾತು, ಅಬಕಾರಿಯವರ ಕಿವಿಗೆ ಬೀಳದಂಗ:
ಥಂಡಿ ದಿನದಾಗ ಫಾದರ್
ಬಾರ್ಲಿ ಮೊಳಕಿ ಒಡಿಸಿ, ಒಣಗಿಸಿ, ಕುದಿಸಿ
ಮಾಳಿಗಿ ಮ್ಯಾಲೆ, ಅಗಲ ಬಾಯಿಯ ತಾಮ್ರದ ಕೊಪ್ಪರಿಗ್ಯಾಗ
ರಾತ್ರಿಯಿಡೀ ತೆರದು ಇಡತಿದ್ರು.
ಹೆಪ್ಪು ಹಾಕೂದಿಲ್ಲ, ಏನೂ ಹಾಕೂದಿಲ್ಲ.
"ಗಾಳ್ಯಾಗ ಇರತಾವ. ಅವ ಬರತಾವ,"
ನೆಂಟರ ದಾರಿ ಕಾಯೋರು ಹೇಳಿದಂಗ.
ಅವರೂರಿನ ಕಣಿವಿ ಗಾಳಿಗಷ್ಟ ಆ ಕಸುವು ಅಂತ
ಅವರ ಹಿರ್ಯಾರು ಹೇಳತಿದ್ರಂತ.
ಬೆಳಗಾವಿ ಗಾಳಿ ಏನು ಮಾಡತೈತೋ ಅಂತ
ಒಳಗ ಅಂಜಿಕಿ.

ವರ್ಷ ತುಂಬಿದ ಮ್ಯಾಲೆ ಸೀಸೆ ಬಿಚ್ಚಿದ್ರು.
ಅಪ್ಪ ಒಂದು ಗುಟುಕು ಕುಡದು ಗ್ವಾಡಿ ನೋಡಿದ.
ಅವ್ವ ಸೆರಗಿನ ಮರಿಗೆ ಬೆರಳು ಅದ್ದಿ ನೆಕ್ಕಿ
"ಅಯ್ಯ, ಇದು ನಮ್ಮ ಮೂರು ದಿನದ ಅಂಬಲಿ!
ಕಡಿಯಾಕ ಒಂದು ಉಳ್ಳಾಗಡ್ಡಿ ಬೇಕಾಗಿತ್ತು" ಅಂದ್ಲು.
ಫಾದರ್ ಏನೂ ಅನ್ನಲಿಲ್ಲ.
ಮರುದಿನ ಒಂದು ಚರಗಿ ಹಿಡಕೊಂಡು
"ಕಾಳಮ್ಮ, ನಿಮ್ಮದೂ ಈಟು ಕೊಡ್ರಿ" ಅಂತ
ಬಾಗಲದಾಗ ನಿಂತಿದ್ರು.

ಕ್ರಿಸ್‌ಮಸ್ಸಿನ ಮುಂಚಿನ ರಾತ್ರಿ
ನಮ್ಮ ಒಲಿ ಮ್ಯಾಲೆ ಮೊದಲ ವಾಫಲ್.
ಗೋಧಿಹಿಟ್ಟು, ತತ್ತಿ, ಖಾನಾಪುರದ ಎಮ್ಮಿ ಬೆಣ್ಣಿ,
ಉಬ್ಬಾಕ ಆ ಸೀಸೆಯ ತಳದ ಗಸಿ,
ಜಜ್ಜಿದ ಕಲ್ಲುಸಕ್ಕರಿ: ಕರಗಿದಷ್ಟು ಕರಗಿ
ಉಳಿದದ್ದು ಹಲ್ಲಿಗೆ ಕರಂ ಅನ್ನಬೇಕಂತ.
ಒಂದನೇದು ಹತ್ತಿಕೊಂಡು ಹರೀತು, ನಾಯಿಗೆ ಹೋತು.
ಎರಡನೇದು ಬಂತು, ಹೊಗಿಯಾಡೋ ಬಂಗಾರದ ಚೌಕಾಬಾರ.
ಫಾದರ್ ಒಂದು ಮನಿಗೆ ತೋರಬೆರಳು ಇಟ್ರು.
ಹೊಗಲಿಲ್ಲ.
ನನ್ನ ಬೆರಳು ಹಿಡದು ಇಡಿಸಿದ್ರು.
ಒಳಗ ಹೋಗಿ ಕುಂತಿತು.
"ಅಳತಿ ಸರಿ ಐತಿ, ಮೋನಪ್ಪ," ಅಂದ್ರು.
ಆಗ ನನಗ ಆರು.

ಆ ಕಬ್ಬಿಣ ಈಗ ನನ್ನ ಹತ್ರ ಐತಿ,
ಎತ್ತಾಕ ಎರಡು ಕೈ ಬೇಕು.
ಒಂದು ಮನ್ಯಾಗ ಎರಕದ ಗಾಳಿ ಸಿಕ್ಕು ಗುಳಿ ಬಿದ್ದೇತಿ,
ಪ್ರತಿ ವಾಫಲಿಗೂ ಅಲ್ಲಿ ಕಡಲಿಕಾಳಿನಷ್ಟು ಗಂಟು.
ಅಪ್ಪ ಅದಕ್ಕ ಕಡೀತನಕ ನಾಚಿಕೊಂಡ,
ರೊಕ್ಕ ತಗೊಳ್ಳಲಿಲ್ಲ.
ಫಾದರ್ ತಾಟು ತಿರಗಿಸಿ ತಿರಗಿಸಿ
ಆ ಗಂಟು ಹುಡುಕಿ
ಮೊದಲು ತಿಂತಿದ್ರು.